ಬೋರ್ನೈಲ್ ಅಸಿಟೇಟ್ ಬಾಟಲಿಯಲ್ಲೇ ಗಟ್ಟಿಯಾಗಿದೆ, ಮೋಸ ಹೋದೆನಾ?

ಬತ್ತಿಹುಚ್ಚ, ಮೈಸೂರು:
ಮನೆಯಲ್ಲೇ ಸ್ವಲ್ಪ ಸ್ವಲ್ಪ ಊದುಬತ್ತಿ ಮಾಡುತ್ತೇನೆ. ಫರ್ ಮರದ ಎಲೆಯ ಘಮ ಬೇಕು ಅಂತ 100 ಗ್ರಾಂ ಬೋರ್ನೈಲ್ ಅಸಿಟೇಟ್ ತರಿಸಿದೆ. ಬಂದಾಗ ನೀರಿನ ಹಾಗೆ ಇತ್ತು. ಕುವೆಂಪುನಗರದ ಈ ಚಳಿಯಲ್ಲಿ ಒಂದು ರಾತ್ರಿ ಕಿಟಕಿ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮುಕ್ಕಾಲು ಬಾಟಲಿ ಬೆಳ್ಳಗೆ ಗಟ್ಟಿ, ಮೇಲೆ ಬೆರಳಗಲ ದ್ರವ. ಆ ದ್ರವವನ್ನೇ ಬಗ್ಗಿಸಿ ಡಿಇಪಿಗೆ (ಸುಗಂಧವನ್ನು ತೆಳ್ಳಗೆ ಮಾಡಲು ಬಳಸುವ, ವಾಸನೆ ಇಲ್ಲದಂಥ ದ್ರವ) ಬೆರೆಸಿ ಬತ್ತಿ ಅದ್ದಿದೆ. ವಾಸನೆ ಕರ್ಪೂರದ ಕಡೆ ವಾಲಿದೆ. ಮೇಣ ಗೀಣ ಬೆರೆಸಿದ್ದಾರಾ? ಮಾರಿದವರು ಫೋನ್ ಎತ್ತುತ್ತಿಲ್ಲ.

ಹಳೇ ಅತ್ತರು, ಮೈಸೂರು:
ಗಾಬರಿ ಬೇಡ ಸರ್. ಇದು ಸುಮಾರು 29 ಡಿಗ್ರಿಗೆ ಕರಗುವ ವಸ್ತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಲ್ವಾ, ಹಾಗೇ. ಡಿಇಪಿ ಸುರಿದು ತೆಳ್ಳಗೆ ಮಾಡಿದ್ದರೆ ಇಷ್ಟು ಸುಲಭಕ್ಕೆ ಗಟ್ಟಿಯಾಗುತ್ತಿರಲಿಲ್ಲ. ಇದರ ಬದಲು ಇದನ್ನೇ ಹೋಲುವ ಐಸೋಬೋರ್ನೈಲ್ ಅಸಿಟೇಟ್ ಕೊಟ್ಟಿದ್ದರೂ ಅಷ್ಟೇ, ಅದು ನಮ್ಮೂರಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ನಿಮಗೆ ಸಿಕ್ಕಿರುವುದು ಒಳ್ಳೇ ಮಾಲೇ ಇರಬೇಕು.

ತಪ್ಪಾಗಿರುವುದು ಬಗ್ಗಿಸಿದ್ದರಲ್ಲಿ. ಗಟ್ಟಿಯಾಗುವಾಗ ಶುದ್ಧ ಭಾಗ ಹರಳಾಗುತ್ತೆ. ಬೋರ್ನಿಯಾಲ್, ಕ್ಯಾಂಫೀನ್ ಥರದ ಅಲ್ಪಸ್ವಲ್ಪ ಬೆರಕೆ ಮೇಲಿನ ದ್ರವದಲ್ಲಿ ಸೇರಿಕೊಳ್ಳುತ್ತೆ. ಎರಡಕ್ಕೂ ಕರ್ಪೂರದ ವಾಸನೆ. ನೀವು ಅದನ್ನೇ ಆರಿಸಿ ಅದ್ದಿದ್ದೀರಿ!

ಮುಚ್ಚಳ ಬಿಗಿ ಮಾಡಿ, ಬಾಟಲಿಯನ್ನು ಕೈಗೆ ಹಿತವಾದ ಬಿಸಿನೀರಿನಲ್ಲಿ ನಿಲ್ಲಿಸಿ. ಪೂರ್ತಿ ಕರಗಿದ ಮೇಲೆ ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಅಳೆಯಿರಿ. ಒಲೆ ಮೇಲೆ ಮಾತ್ರ ಇಡಬೇಡಿ.

ಬತ್ತಿಹುಚ್ಚ:
ಹಾಗಾದರೆ ನನ್ನ ಹತ್ತಿರ ಇರುವ ಸೈಬೀರಿಯನ್ ಫರ್ ಎಣ್ಣೆ ಯಾಕೆ ಗಟ್ಟಿಯಾಗಲಿಲ್ಲ? ಅದೂ ಅದೇ ಕಿಟಕಿಯಲ್ಲಿತ್ತು.

ಹಳೇ ಅತ್ತರು:
ಅದರಲ್ಲಿ ಬೋರ್ನೈಲ್ ಅಸಿಟೇಟ್ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು. ಉಳಿದದ್ದು ಪೈನೀನ್, ಕ್ಯಾಂಫೀನ್, ಲಿಮೊನೀನ್ ಇತ್ಯಾದಿ. ಅವುಗಳ ಜೊತೆ ಕರಗಿಕೊಂಡೇ ಇರುತ್ತೆ.

ಸೋಪಿನ ಅಕ್ಕ, ಮಂಡ್ಯ:
ನಡುವೆ ಬಾಯಿ ಹಾಕುತ್ತಿದ್ದೇನೆ. ಮಿಕ್ಕಿದ್ದನ್ನು ಕಾಸ್ಟಿಕ್ ಸೋಡಾ ಹಾಕಿ ಮಾಡುವ ಸೋಪಿಗೆ ಹಾಕೋಣ ಅಂದುಕೊಂಡರೆ ಹುಷಾರು. ಇದು ಎಸ್ಟರ್ (ಆಮ್ಲ, ಆಲ್ಕೋಹಾಲ್ ಕೂಡಿ ಆದ ವಸ್ತು) ಅಲ್ವಾ, ಕ್ಷಾರಕ್ಕೆ ಒಡೆದು ಬೋರ್ನಿಯಾಲ್ ಆಗುತ್ತೆ. ನನ್ನ ಒಂದು ಬ್ಯಾಚಿನಲ್ಲಿ ಫರ್ ಘಮ ಕುಗ್ಗಿ ದೇವರ ಮನೆ ವಾಸನೆ ಬಂದಿತ್ತು. ನಮ್ಮೆಜಮಾನರಿಗೆ ಅದೇ ಇಷ್ಟವಾಯಿತು, ಅದು ಬೇರೆ ಮಾತು.

ಬತ್ತಿಹುಚ್ಚ:
ಅಕ್ಕಾ, ಸೋಪಿನ ಸಹವಾಸ ನನಗೆ ಬೇಡ. ಸರ್, ಬಿಸಿನೀರಿನಲ್ಲಿ ಕಾಲು ಗಂಟೆಗೆ ಕರಗಿತು, ಒಂದು ಚೂರೂ ಗಸಿ ಇಲ್ಲ. ಹೊಸದಾಗಿ 20 ಕಡ್ಡಿ ಅದ್ದಿ ಒಣಗಲು ಇಟ್ಟಿದ್ದೇನೆ. ಹಳೇ ಕರ್ಪೂರದ ಬತ್ತಿ ಸಂಜೆ ದೀಪದ ಹೊತ್ತಿಗೆ ಉರಿಸಿ ಮುಗಿಸುತ್ತೇನೆ.