ಪದಚರ್ಚೆ: ಅಸಂಗತ ನಾಟಕದ ‘ರಿವೈವಲ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಬೆಕೆಟ್ಟನ ‘ವೇಟಿಂಗ್ ಫಾರ್ ಗೋಡೋ’ ನಾಟಕವನ್ನು ಈಚೆಗೆ ಹೊಸದಾಗಿ ರಂಗಕ್ಕೆ ತಂದದ್ದನ್ನು ನೋಡಿ ಬಂದೆ. ಅದರ ಬಗೆಗಿನ ಇಂಗ್ಲಿಷ್ ಲೇಖನವೊಂದನ್ನು ಕನ್ನಡಿಸುತ್ತಿದ್ದು, ನಾಳೆಯೇ ಒಪ್ಪಿಸಬೇಕಾಗಿದೆ. ‘ರಿವೈವಲ್’ಗೆ ನಾನು ‘ಪುನರುಜ್ಜೀವನ’ ಎಂದು ಬರೆದಿದ್ದೆ. ಸಂಪಾದಕರು ‘ಮರುಪ್ರದರ್ಶನ’ ಎಂದು ತಿದ್ದಿದ್ದಾರೆ. ‘ಅಬ್ಸರ್ಡ್’ಗೆ ನಾನು ‘ಅಸಂಗತ’ ಎಂದಿದ್ದಲ್ಲೆಲ್ಲ ‘ಅಸಂಬದ್ಧ’ ಎಂದು ಮಾಡಿದ್ದಾರೆ. ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ: ಎರಡು ತಿದ್ದುಪಡಿಗಳೂ ಸಲ್ಲವು. ಇದ್ದ ಪ್ರಯೋಗವನ್ನೇ ಇನ್ನೊಮ್ಮೆ ತೋರಿಸಿದರೆ ಅದು ಮರುಪ್ರದರ್ಶನ. ‘ಪುನರುಜ್ಜೀವನ’ ಸತ್ತದ್ದಕ್ಕೆ ಒಪ್ಪುವ ಮಾತು. 1953ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ರೋಜೆ ಬ್ಲಾಂ ಆಡಿಸಿದಂದಿನಿಂದ ಈ ನಾಟಕ ಸತ್ತದ್ದೇ ಇಲ್ಲ. ರಂಗಭೂಮಿಯವರು ಆಡುವ ಮಾತು ‘ಮರುಪ್ರಯೋಗ’, ಅದೇ ಸರಿ. 1975ರಲ್ಲಿ ಬೆಕೆಟ್ ತಾನೇ ಬರ್ಲಿನ್ನಿನ ಶಿಲ್ಲರ್ ರಂಗಮಂದಿರದಲ್ಲಿ ಇದನ್ನು ನಿರ್ದೇಶಿಸಿದಾಗ, ಪಠ್ಯದ ಆರಂಭದಲ್ಲಿ ಇಬ್ಬರು ಮುಖ್ಯ ಪಾತ್ರಗಳ ಪೈಕಿ ಎಸ್ಟ್ರಗಾನ್ ಒಬ್ಬನೇ ಕುಳಿತಿರುವಲ್ಲಿಗೆ ವ್ಲಾಡಿಮಿರ್ ಬರುವುದನ್ನು ಬದಲಿಸಿ, ಮೊದಲಿನಿಂದಲೇ ಇಬ್ಬರನ್ನೂ ರಂಗದ ಮೇಲೆ ಇರಿಸಿದ. ಬರೆದವನೇ ಹೀಗೆ ಹೊಸದಾಗಿ ಕಟ್ಟಿದ್ದನ್ನು ‘ಪ್ರದರ್ಶನ’ ಎಂಬ ಮಾತು ಹಿಡಿಯಲಾರದು.

‘ಅಸಂಬದ್ಧ’ವಂತೂ ತಪ್ಪೇ. ಎರಡೂ ಅಂಕಗಳ ಕೊನೆಯಲ್ಲಿ ಹೋಗೋಣ ಎಂದುಕೊಂಡ ಆ ಇಬ್ಬರೂ ಕದಲದೆ ಉಳಿಯುತ್ತಾರೆ. ಅಲ್ಲಿ ಮಾತು ಮಾತಿಗೆ ಸಂಬಂಧವಿದೆ. ಮಾತು ಮತ್ತು ನಡೆ ಮಾತ್ರ ಕೂಡಿ ಹೋಗುವುದಿಲ್ಲ. ‘ಸಂಗತ’ ಎಂದರೆ ಕೂಡಿ ಹೋದದ್ದು. ಲ್ಯಾಟಿನ್ನಿನ ‘ಅಬ್ಸರ್ಡಸ್’ಗೂ ಶ್ರುತಿಗೆ ಕೂಡದ್ದು ಎಂಬ ಅರ್ಥವಿರುವುದರಿಂದ, ನಮ್ಮ ವಿಮರ್ಶೆಯಲ್ಲಿ ಎಂದೋ ನೆಲೆನಿಂತ ‘ಅಸಂಗತ’ವನ್ನು ಕದಲಿಸಲು ಕಾರಣವೇ ಇಲ್ಲ.

ಇನ್ನೊಬ್ಬರು: ‘ಮರು’ ಕನ್ನಡ, ‘ಪ್ರಯೋಗ’ ಸಂಸ್ಕೃತ. ಇದು ಅರಿಸಮಾಸ, ಒಪ್ಪತಕ್ಕದ್ದಲ್ಲ. ಸಂಸ್ಕೃತವೇ ಬೇಕಿದ್ದರೆ ‘ಪುನಃಪ್ರಯೋಗ’ ಎನ್ನಿ. ಕನ್ನಡ ಬೇಕಿದ್ದರೆ, ನಾಟಕ ಕಟ್ಟುವುದು ಎಂಬ ರೂಢಿಯೇ ಇರುವುದರಿಂದ ‘ಮರುಕಟ್ಟಣೆ’ ಎನ್ನಿ. ಹಳಗನ್ನಡದ ಕವಿ ಆಂಡಯ್ಯ ಒಂದು ಕಾವ್ಯವನ್ನೇ ತತ್ಸಮವಿಲ್ಲದೆ ಬರೆದ; ನಮಗೆ ಒಂದು ಪದಕ್ಕೂ ಸಾಲ ಬೇಕೆನ್ನುವುದು ಸೋಮಾರಿತನ.

ಉತ್ತರ: ಮರುಮುದ್ರಣ, ಮರುಪರೀಕ್ಷೆ, ಮರುಪರಿಶೀಲನೆ ಎಂದು ನಾಡೆಲ್ಲ ಬರೆಯುತ್ತಿರುವಾಗ ಈ ಒಂದಕ್ಕೆ ಮಾತ್ರ ತಡೆಯೇಕೆ? ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ಬಿರುದಾವಳಿಗಳಲ್ಲಿ ಅರಿಸಮಾಸವನ್ನು ಒಪ್ಪಿದ್ದಾನೆ. ಆಂಡಯ್ಯನ ಸಾಹಸಕ್ಕೆ ನನ್ನ ಗೌರವವಿದೆ, ಆದರೆ ಅವನೂ ತದ್ಭವಗಳನ್ನು ಬಿಡಲಿಲ್ಲ. ‘ಪುನಃಪ್ರಯೋಗ’ವನ್ನು ಯಾವ ನಟನೂ ಆಡಲಾರ. ‘ಮರುಕಟ್ಟಣೆ’ ಸೊಗಸಾಗಿದೆ, ಆದರೆ ವಿವರಣೆಯಿಲ್ಲದೆ ಓದುಗರು ಅದನ್ನು ಕಟ್ಟಡದ ಕೆಲಸವೆಂದೇ ತಿಳಿದಾರು. ನಾಳೆ ಒಪ್ಪಿಸಬೇಕಾದ ಲೇಖನದಲ್ಲಿ ಅದಕ್ಕೆ ಎಡೆಯಿಲ್ಲ. ಕೇಳಿದವರು ‘ಅಸಂಗತ ನಾಟಕದ ಮರುಪ್ರಯೋಗ’ ಎಂದು ಬರೆಯಲಿ. ಸಂಪಾದಕರು ಮತ್ತೆ ತಿದ್ದಿದರೆ, ಮೇಲೆ ಹೇಳಿದ 1975ರ ಬರ್ಲಿನ್ ಪ್ರಯೋಗವನ್ನು ಅವರ ಮುಂದಿಡಲಿ.