ಅಪ್‌ಡೇಟ್: ಶಿರಾಡಿ ಘಾಟಿಯಲ್ಲಿ ಕೈಕೊಡುತ್ತಿದ್ದ ನಮ್ಮ ಪದ್ಮಿನಿ

ಹೋದ ತಿಂಗಳು ಕೇಳಿದ್ದೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರುವಾಗ ಶಿರಾಡಿ ಏರಿನಲ್ಲಿ ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗೇ ಸ್ಟಾರ್ಟ್ ಆಗುತ್ತದೆ, ಏನು ಕಾರಣ ಅಂತ. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಅಂತ ತುಂಬಾ ಜನ ಹೇಳಿದಿರಿ. ಎರಡು ಸಲ ಬಿಚ್ಚಿ ತೊಳೆದಿದ್ದಾಯ್ತು, ಸುಮ್ನೆ ದುಡ್ಡು ದಂಡ.

'ವೇಪರ್ ಲಾಕ್' ಅಂದವರೇ ಸರಿ. ಎಂಜಿನ್ ಬಿಸಿಗೆ ಪೆಟ್ರೋಲು, ಅದನ್ನು ಕಾರ್ಬುರೇಟರಿಗೆ ತಳ್ಳುವ ಪಂಪಿನೊಳಗೇ ಆವಿಯಾಗುತ್ತಿತ್ತು. ಪಂಪು ಆವಿಯನ್ನು ತಳ್ಳಲಾರದು, ತಣ್ಣಗಾದ ಮೇಲೆ ಮತ್ತೆ ಸರಿ. ಪಂಪು ಬಿಚ್ಚಿ ನೋಡಿದರೆ, ಎಂಜಿನ್ ಬ್ಲಾಕಿಗೂ ಅದಕ್ಕೂ ನಡುವೆ ಇರಬೇಕಾದ ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ತುಂಡೇ ಇಲ್ಲ! ಹಿಂದೆ ಯಾರೋ ರಿಪೇರಿಯಲ್ಲಿ ಹಾಕದೇ ಬಿಟ್ಟಿದ್ದಾರೆ. ಬಿಸಿ ತಡೆಯುವುದೇ ಅದು ಅಲ್ವಾ? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ಪೆಟ್ರೋಲ್ ಪೈಪನ್ನೂ ಸೈಲೆನ್ಸರ್ ಪೈಪಿನಿಂದ ದೂರ ಸರಿಸಿದೆವು.

ಮೊನ್ನೆ ಮಂಗಳೂರಿಗೆ ಹೋಗಿಬಂದೆವು. ವಾಪಸ್ ಬರುವಾಗ ಘಾಟಿ ಬುಡದ ಗುಂಡ್ಯ ದಾಟಿದ ಮೇಲೆ ಲಾರಿಗಳ ಹಿಂದೆ ಸೆಕೆಂಡ್ ಗೇರಿನಲ್ಲೇ ತೆವಳಿದೆವು. ಪಂಪಿಗೆ ಸುತ್ತೋಕೆ ಒದ್ದೆ ಬಟ್ಟೆ ರೆಡಿ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದ್ದು ನಾವೇ, ಕಾರಲ್ಲ.

ಈಗ ಗೇರ್ ಬದಲಿಸುವಾಗ ಕಿರ್ ಅಂತಿದೆ. ಅದನ್ನು ಬೇರೆಯಾಗಿ ಕೇಳುತ್ತೇನೆ.