ಮಗನ ಮೂಗಲ್ಲಿ ಪದೇ ಪದೇ ರಕ್ತ, ಅಪ್ಪನ ಮನೇಲಿ ಕುಸ್ತಿ: ಏನು ಮಾಡಲಿ?

ಮಗನಿಗೆ 6 ವರ್ಷ. ನಾವಿಬ್ಬರೂ ಬೇರೆಯಾಗಿದ್ದೇವೆ. ಶನಿವಾರ, ಭಾನುವಾರ ಅವನು ಅಪ್ಪನ ಹತ್ರ. ಅಲ್ಲಿ ಕುಸ್ತಿ, ದಿಂಬಿನ ಹೊಡೆದಾಟ, ಹಾಸಿಗೆ ಮೇಲೆ ಎತ್ತಿ ಹಾಕೋದು. ಈ ತಿಂಗಳು 4 ಸಲ ಮೂಗಲ್ಲಿ ರಕ್ತ ಬಂತು. ಆಟ ನಿಲ್ಲಿಸಿ ಅಂದ್ರೆ ಜಗಳ ಆಗುತ್ತೆ. ಯಾರಿಗಾದ್ರೂ ಹೀಗಾಗಿದೆಯಾ?

ಕಲಬುರಗಿಯಿಂದ ಒಬ್ಬ ತಾಯಿ:

ನಮ್ಮನೇಲೂ ಹೀಗೇ ಆಗಿತ್ತು. ಏಪ್ರಿಲ್ ತಿಂಗಳು, ಸೋಮವಾರ ಬೆಳಿಗ್ಗೆ. ಮಗಳ ದಿಂಬಿನ ಮೇಲೆ ಅಂಗೈಯಗಲ ಕಲೆ, ಅಂಚು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಹಿಂದಿನ ರಾತ್ರಿಯಷ್ಟೇ ಅಪ್ಪನ ಮನೆಯಿಂದ ಬಂದಿದ್ದಳು. ಹಿಂದೆ ಮುಂದೆ ನೋಡದೆ ಫೋನ್ ಮಾಡಿ ಅವರನ್ನ ಬೈದೆ.

ಇಎನ್‌ಟಿ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಹಕ್ಕಳೆ ಕಟ್ಟಿತ್ತು. ಅದನ್ನ ಲಿಟಲ್ಸ್ ಏರಿಯಾ ಅಂತಾರಂತೆ. ಅಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತೀರ ಮೇಲ್ಗಡೆನೇ ಇರುತ್ತವೆ, ಮಕ್ಕಳ ಮೂಗಿನ ರಕ್ತ ಬಹುಪಾಲು ಬರೋದು ಅಲ್ಲಿಂದಲೇ. ಒಣ ಗಾಳಿ, ನೆಗಡಿ, ಅಲರ್ಜಿ, ಬೆರಳು ಹಾಕೋ ಅಭ್ಯಾಸ, ಯಾವುದಾದ್ರೂ ಸಾಕು. "ಯಾವ ದಿನ, ಯಾವ ಹೊತ್ತಲ್ಲಿ, ಯಾವ ಹೊಳ್ಳೆ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ.

ಆವತ್ತಿಂದ ಅವಳ ಬ್ಯಾಗಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ವಿ, ಎರಡೂ ಮನೆಗೆ ಅದೊಂದೇ. 6 ವಾರದಲ್ಲಿ 9 ಸಲ ಬರೆದಿದ್ದೆವು. ಅದರಲ್ಲಿ 7 ನನ್ನ ಮನೇಲಿ, ಎಲ್ಲಾ ಎಸಿ ಹಾಕಿ ಮಲಗಿದ ರಾತ್ರಿ, ಬೆಳಗಿನ ಜಾವಕ್ಕೆ. ಆಟದಲ್ಲಿ ಮೊಣಕೈ ತಾಗಿ ಬಂದಿದ್ದು ಒಂದೇ ಸಲ. ಅದನ್ನ ಓದಿ ತುಂಬಾ ಸಂಕಟ ಆಯ್ತು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಆಮೇಲೆ ಡಾಕ್ಟರು ಹೇಳಿದಂತೆ ಉಪ್ಪುನೀರಿನ ಡ್ರಾಪ್ಸ್, ರಾತ್ರಿ ಹೊಳ್ಳೆಯ ಒಳಅಂಚಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ, ವಾರಕ್ಕೊಮ್ಮೆ ಉಗುರು ಕತ್ತರಿಸೋದು. ಮಳೆ ಶುರುವಾಗೋ ಹೊತ್ತಿಗೆ ನಿಂತೇಹೋಯ್ತು.

ರಕ್ತ ಬಂದಾಗ ನಮ್ಮಮ್ಮ ಅವಳನ್ನ ಅಂಗಾತ ಮಲಗಿಸಿ ತಲೆಗೆ ನೀರು ಹಾಕಿ, ಈರುಳ್ಳಿ ಮೂಸಿಸ್ತಿದ್ರು. ಹಾಗೆ ಮಲಗಿಸಿದ್ರೆ ರಕ್ತ ಹೊಟ್ಟೆಗಿಳಿದು ವಾಂತಿಯಾಗುತ್ತೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೂಳೆಯ ಕೆಳಗಿನ ಮೆತ್ತನೆ ಭಾಗ ಹಿಡಿದು 10 ನಿಮಿಷ ಒತ್ತಿ, ಗಡಿಯಾರ ನೋಡ್ಕೊಂಡು. ನಿಂತಿತಾ ಅಂತ ನಡುವೆ ಬಿಟ್ಟು ನೋಡಬೇಡಿ. ಇದನ್ನೇ ಬರೆದು ಎರಡೂ ಮನೆಯ ಫ್ರಿಜ್ ಮೇಲೆ ಅಂಟಿಸಿದೀವಿ.

ಮೈಸೂರಿನಿಂದ ಒಬ್ಬ ತಂದೆ:

ನಾನು ವಾರಕ್ಕೆ 2 ದಿನ ಸಿಗೋ ಅಪ್ಪ. ಕುಸ್ತಿ ನಿಲ್ಲಿಸು ಅಂದಾಗ ಮಗನನ್ನೇ ಕಿತ್ಕೊಂಡ ಹಾಗಾಗಿತ್ತು. ಆಮೇಲೆ ಮಗನ ಅಮ್ಮ ಬೈಯೋದು ಬಿಟ್ಟು, "1 ವಾರ ಬೇಡ ಅಂದಿದ್ದಾರೆ" ಅಂತ ಡಾಕ್ಟರ ಚೀಟಿಯ ಫೋಟೋ ಕಳಿಸಿದಳು. ಅದಕ್ಕೆ ನಾನು ಎದುರು ಮಾತಾಡಲಿಲ್ಲ. ಆ ವಾರ ಕೇರಂ ಆಡಿದ್ವಿ. ಈಗಲೂ ಕುಸ್ತಿ ಇದೆ, ಆದ್ರೆ ಮುಖಕ್ಕೆ ದಿಂಬು ಇಲ್ಲ, ಅವನು "ಸಾಕು" ಅಂದ್ರೆ ಅಲ್ಲಿಗೇ ನಿಲ್ಲಬೇಕು.

ಒಂದು ಮಾತು ಕೈಮುಗಿದು ಹೇಳ್ತೀನಿ. "ಅಪ್ಪ ಏನು ಮಾಡಿದ್ರು?" ಅಂತ ಮಗುವನ್ನ ಕೆದಕಬೇಡಿ. ನನ್ನ ಮಗ ಒಮ್ಮೆ ರಕ್ತ ಬಂದಿದ್ದನ್ನ ಮುಚ್ಚಿಟ್ಟು, ಬಚ್ಚಲಲ್ಲಿ ತಾನೇ ಶರ್ಟ್ ಒಗೀತಾ ನಿಂತಿದ್ದ. ಅಮ್ಮನಿಗೆ ಗೊತ್ತಾದ್ರೆ ನನ್ನ ಮನೆಗೆ ಕಳಿಸಲ್ಲ ಅನ್ನೋ ಹೆದರಿಕೆ.

ಶಿವಮೊಗ್ಗದಿಂದ ಇನ್ನೊಬ್ಬ ತಾಯಿ:

ಎಲ್ಲಾ ಸಲ ಒಣ ಗಾಳಿಯೇ ಕಾರಣ ಅಂದ್ಕೋಬೇಡಿ. ನಮ್ಮ ಮಗಳಿಗೆ ಒತ್ತಿ ಹಿಡಿದ್ರೂ ಅರ್ಧ ಗಂಟೆ ನಿಲ್ತಿರಲಿಲ್ಲ, ಹಲ್ಲುಜ್ಜಿದ್ರೆ ಒಸಡಲ್ಲೂ ರಕ್ತ, ಬೆನ್ನು ಹೊಟ್ಟೆ ಮೇಲೆ ನೀಲಿ ಕಲೆ. ಪರೀಕ್ಷೆ ಮಾಡಿಸಿದಾಗ ವಾನ್ ವಿಲಿಬ್ರಾಂಡ್ ಅಂತ ಗೊತ್ತಾಯ್ತು, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ. ಇಂಥ ಲಕ್ಷಣ ಇದ್ರೆ ಡಾಕ್ಟರನ್ನ ಕೇಳದೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ಇನ್ನು ಆಟದಲ್ಲಿ ಮೂಗಿಗೆ ಪೆಟ್ಟು ಬಿದ್ದು ಆಮೇಲೆ ಒಳಗೆ ಊದಿ ಕಟ್ಟಿಕೊಂಡ್ರೆ, ರಕ್ತ ನಿಂತಿದ್ರೂ ಅವತ್ತೇ ತೋರಿಸಿ. ಒಳಗೋಡೆಯಲ್ಲಿ ರಕ್ತ ತುಂಬಿರಬಹುದು.

ಡಾಕ್ಟರ ಹತ್ರ ಸಾಧ್ಯವಾದ್ರೆ ಇಬ್ಬರೂ ಹೋಗಿ. ವಾನ್ ವಿಲಿಬ್ರಾಂಡ್ ವಂಶದಲ್ಲಿ ಬರೋ ತೊಂದರೆ, ಎರಡೂ ಕಡೆಯವರ ಬಗ್ಗೆ ಕೇಳ್ತಾರೆ. ನಮ್ಮತ್ತೆಗೆ ಹಲ್ಲು ಕೀಳಿಸಿದಾಗ ದಿನವಿಡೀ ರಕ್ತ ನಿಂತಿರಲಿಲ್ಲ ಅನ್ನೋದು ನಮ್ಮವರು ಬಾಯಿಬಿಟ್ಟು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು.